ಅಳೆದು ಹಾಕಿದ ಚಕ್ರ

ನನ್ನ ಮಗ ನನ್ನ ಕಾರಿನ ನಾಲ್ಕೂ ಚಕ್ರ ಬಿಚ್ಚಿಕೊಂಡು ಹೋದ. ನಾನು ದಾರ ತರಲು ಹೋಗಿದ್ದೆ. ಬರುವಷ್ಟರಲ್ಲಿ, ಮನೆಗೇ ಸೇರಿದ ನನ್ನ ಹೊಲಿಗೆ ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ಕಾರು ಸಿಮೆಂಟಿನ ಇಟ್ಟಿಗೆಗಳ ಮೇಲೆ ಕುಕ್ಕರುಗಾಲಲ್ಲಿ ಕೂತಿತ್ತು. ಡಿಕ್ಕಿ ತೆಗೆದು ನೋಡಿದೆ. ಸ್ಟೆಪ್ನಿಯನ್ನೂ ಬಿಟ್ಟಿರಲಿಲ್ಲ. ಕೆಲಸವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ಅವನಿಗಿಲ್ಲ. ಅದನ್ನು ಕಲಿಸಿದವಳೂ ನಾನೇ.

ಫೋನ್ ಮಾಡಿದೆ.

"ಚಕ್ರ ಎಲ್ಲಿ?"

"ನಮ್ಮನೇಲಿವೆ ಅಮ್ಮ. ಜೋಪಾನವಾಗಿವೆ."

"ಅವೇನು ಒಡವೆನಾ, ಜೋಪಾನ ಮಾಡೋಕೆ?"

"ಗೇಟಿನ ಕಂಬಕ್ಕೆ ಗುದ್ದಿದ್ದೀಯ. ಇವತ್ತು ಕಂಬ, ನಾಳೆ ಮನುಷ್ಯರು. ಭಾನುವಾರ ಒಬ್ರು ಕಾರು ನೋಡೋಕೆ ಬರ್ತಾರೆ. ಆಗ ಚಕ್ರ ತಂದು ಹಾಕ್ತೀನಿ. ಅಂಗಡೀನೂ ಮುಚ್ಚಿ ನಮ್ಮ ಜೊತೆ ಬಂದಿರು. ಎಷ್ಟು ದಿನ ಅಂತ ಹೊಲೀತೀಯ?"

ಗುದ್ದಿರಲಿಲ್ಲ, ಸವರಿದ್ದೆ. ಕಂಬಕ್ಕೆ ಏನೂ ಆಗಿರಲಿಲ್ಲ, ಬಾಗಿಲಿನ ಬಣ್ಣ ಒಂದು ಗೀರು ಹೋಗಿತ್ತು ಅಷ್ಟೇ. ಆದರೆ ನನ್ನ ಮಗನಿಗೆ ಕಾರ್ಖಾನೆಯಲ್ಲಿ ಅಪಾಯ ಹುಡುಕುವ ಕೆಲಸ. ಏಣಿ ಅಲ್ಲಾಡುತ್ತದೆಯೇ, ತಂತಿ ಬಿಚ್ಚಿಕೊಂಡಿದೆಯೇ, ನೆಲ ಜಾರುತ್ತದೆಯೇ ಎಂದು ದಿನವಿಡೀ ನೋಡಿ ನೋಡಿ, ಸಂಜೆ ನನ್ನನ್ನು ನೋಡಲು ಬಂದರೆ ಅಮ್ಮನೂ ಅಲ್ಲಾಡುವ ಏಣಿಯಂತೆ ಕಾಣುತ್ತಾಳೆ. ಅವನನ್ನು ಬೈದು ಸುಖವಿಲ್ಲ ಎಂದು ಗೊತ್ತಿದ್ದೂ ಚೆನ್ನಾಗಿ ಬೈದೆ. ಅವನು ಕೇಳಿಸಿಕೊಂಡ. ಜಗ್ಗಲಿಲ್ಲ.

ಕಾರು ಹೋದರೆ ಅಂಗಡಿ ತಾನಾಗಿ ಮುಚ್ಚುತ್ತದೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಹೊಲಿಯುವುದು ಊರಾಚೆಯ ಆಸ್ಪತ್ರೆಯ ಕೋಟುಗಳನ್ನು. ಥಾನುಗಟ್ಟಲೆ ಬಟ್ಟೆ ಅಲ್ಲಿಂದ ತರಬೇಕು, ಹೊಲಿದ ಕೋಟುಗಳನ್ನು ಕಟ್ಟುಕಟ್ಟಾಗಿ ಒಯ್ಯಬೇಕು. "ನಾನೇ ತಲುಪಿಸ್ತೀನಿ ಬಿಡಮ್ಮ" ಎಂದು ಮಗ ಹಿಂದೆ ಎರಡು ಸಲ ಒಯ್ದು, ಎರಡು ಸಲವೂ ತಡ ಮಾಡಿದ್ದ. ಇನ್ನೊಮ್ಮೆ ತಡವಾದರೆ ಕೆಲಸವನ್ನು ದೊಡ್ಡ ಕಾರ್ಖಾನೆಗೆ ಕೊಡುತ್ತೇವೆ ಎಂದು ಅಲ್ಲಿನ ಬಟ್ಟೆ ಉಗ್ರಾಣದ ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಹೇಳಿದ್ದಳು. ಮುಂದಿನ ಕಟ್ಟು ಶನಿವಾರ ಬೆಳಗ್ಗೆ ಅಲ್ಲಿರಬೇಕು.

ಸೊಸೆ ಗುಟ್ಟಾಗಿ ಫೋನ್ ಮಾಡಿದಳು. "ಅತ್ತೆ, ಚಕ್ರಗಳು ನಮ್ಮ ಮಹಡಿ ಮೆಟ್ಟಿಲ ಕೆಳಗಿವೆ. ಅವರು ಕೆಲಸಕ್ಕೆ ಹೋದಾಗ ಬಂದು ತಗೊಂಡು ಹೋಗಿ."

"ಬೇಡ. ನನ್ನ ಸಾಮಾನು ನಾನೇ ಕದ್ದು ತರೋ ಗತಿ ಬಂದಿಲ್ಲ. ತಂದ್ರೂ ಅವನು ಮತ್ತೆ ಬಿಚ್ತಾನೆ."

"ಹಾಗಾದ್ರೆ ಏನ್ಮಾಡ್ತೀರ?"

"ಬೇರೆ ಚಕ್ರ ಹಾಕ್ತೀನಿ."

ಅವಳು ನಕ್ಕಳು. ನಾನು ನಗಲಿಲ್ಲ. ಪಿತ್ತ ನೆತ್ತಿಗೇರಿದಾಗ ನನಗೆ ನಗು ಬರುವುದಿಲ್ಲ.

ರೈಲು ಹಳಿಯ ಪಕ್ಕದ ಗುಜರಿ ಅಂಗಡಿಯವನನ್ನು ಎಲ್ಲರೂ ತುಕ್ಕಣ್ಣ ಎನ್ನುತ್ತಾರೆ. ಅವನ ಅಂಗಿ, ಉಗುರು, ಮೀಸೆ ಎಲ್ಲ ಒಂದೇ ಬಣ್ಣ. ಅವನ ಅಂಗಿಗೆ ಆಗಾಗ ತೇಪೆ ಹಾಕುವವಳು ನಾನೇ ಆದ್ದರಿಂದ ನನ್ನನ್ನು ಕಂಡರೆ ಕುರ್ಚಿ ಒರೆಸಿ ಕೊಡುತ್ತಾನೆ.

"ನಿಮ್ಮ ಗಾಡಿ ಚಕ್ರ ಎಲ್ಲಿ ಸಿಗುತ್ತಕ್ಕ? ಆ ಕಾರು ಮಾಡೋದನ್ನ ನಿಲ್ಲಿಸಿ ಯಾವ ಕಾಲ ಆಯ್ತು. ಬೇರೆ ಕಾರಿಂದು ಇವೆ. ನಾಲ್ಕು ತೂತಿಂದೇ, ತೂತಿನ ಅಂತರ ಒಂದೇ, ನಡುವಿನ ಕಣ್ಣೂ ಒಂದೇ ಅಳತೆ. ಆದ್ರೆ ತೂತು ಕೂತ ಮಾತ್ರಕ್ಕೆ ಚಕ್ರ ಕೂತ ಹಾಗಲ್ಲ."

"ಮತ್ತೇನು ನೋಡ್ಬೇಕು?"

"ಆಫ್‌ಸೆಟ್ ನೋಡ್ಬೇಕು, ಬ್ಯಾಕ್‌ಸ್ಪೇಸಿಂಗ್ ನೋಡ್ಬೇಕು."

ಒಂದು ಹಳೇ ರಿಮ್ಮನ್ನು ಉರುಳಿಸಿಕೊಂಡು ಬಂದು ನನ್ನ ಮುಂದೆ ಮಕಾಡೆ ಮಲಗಿಸಿದ. ಬೋಲ್ಟು ಹಾಕುವ ನಡುವಿನ ತಟ್ಟೆಯನ್ನು ತಟ್ಟಿ ತೋರಿಸಿದ. "ಈ ತಟ್ಟೆ ಕಾರಿನ ಹಬ್ಬಿಗೆ, ಅಂದ್ರೆ ಇರುಸಿನ ತುದಿಗೆ, ಅಂಟಿ ಕೂರುತ್ತೆ. ಇಲ್ಲಿಂದ ಚಕ್ರದ ಹಿಂಭಾಗದ ಅಂಚಿನವರೆಗೆ ಎಷ್ಟು ಆಳ ಇದೆಯೋ ಅದು ಬ್ಯಾಕ್‌ಸ್ಪೇಸಿಂಗ್. ಅಂದ್ರೆ ಚಕ್ರ ಹಬ್ಬಿನಿಂದ ಎಷ್ಟು ಒಳಗೆ ನುಗ್ಗುತ್ತೆ ಅಂತ. ಅದನ್ನ ಇಂಚಲ್ಲಿ ಹೇಳ್ತೀವಿ. ಇನ್ನು ಚಕ್ರದ ಅಗಲದ ನಟ್ಟನಡುವೆ ಒಂದು ಗೆರೆ ಇದೆ ಅಂದ್ಕೊಳ್ಳಿ. ಆ ಗೆರೆಯಿಂದ ತಟ್ಟೆ ಹೊರಮುಖದ ಕಡೆ ಎಷ್ಟು ಸರಿದಿದೆ, ಅದು ಆಫ್‌ಸೆಟ್. ಅದು ಮಿಲಿಮೀಟರಲ್ಲಿ. ತಟ್ಟೆ ಹೊರಗೆ ಸರಿದಷ್ಟೂ ಚಕ್ರ ಕಾರಿನ ಒಳಗೆ ಹೋಗುತ್ತೆ."

"ಜಾಸ್ತಿ ಒಳಗೆ ಹೋದ್ರೆ?"

"ಶಾಕ್ ಅಬ್ಸಾರ್ಬರಿಗೆ ಉಜ್ಜುತ್ತೆ. ಜಾಸ್ತಿ ಹೊರಗೆ ಬಂದ್ರೆ ಮಡ್‌ಗಾರ್ಡಿಗೆ ಉಜ್ಜುತ್ತೆ. ಟೈರಿನ ಹೊಟ್ಟೆ ರಿಮ್ಮಿಗಿಂತ ಕಾಲಿಂಚು ಆಚೆ ಉಬ್ಬಿರುತ್ತೆ, ಅದನ್ನೂ ಸೇರಿಸ್ಕೊಳ್ಳಿ."

ಇಷ್ಟೇ ತಾನೇ ಎನ್ನಿಸಿತು. ಬೆನ್ನಿನ ನಡುಗೆರೆ ಹಿಡಿದು ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಅಳೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಭುಜ ಇಳಿಜಾರಾಗಿರುವವರಿಗೂ ಕೋಟು ಕೂರಿಸಿದ್ದೇನೆ. ಕಬ್ಬಿಣದ ಕಾರು ಉಸಿರಾಡುವುದಿಲ್ಲ, ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಳ್ಳುವುದಿಲ್ಲ, ಎರಡು ತಿಂಗಳಲ್ಲಿ ದಪ್ಪಗಾಗಿ ಬಂದು ಹೊಲಿಗೆ ಸರಿಯಿಲ್ಲ ಎಂದು ಜಗಳವಾಡುವುದಿಲ್ಲ. ಇದಕ್ಕಿಂತ ಒಳ್ಳೆಯ ಗಿರಾಕಿ ನನಗೆ ಸಿಕ್ಕಿರಲಿಲ್ಲ.

ಮನೆಗೆ ಬಂದವಳೇ ಶೆಡ್ಡಿನಲ್ಲಿ ಚಾಪೆ ಹಾಸಿ ಕಾರಿನ ಪಕ್ಕ ಮಲಗಿದೆ. ಮಗ ಚಕ್ರ ಬಿಚ್ಚಿ ಒಂದು ಉಪಕಾರ ಮಾಡಿದ್ದ. ಹಬ್ಬು, ಬ್ರೇಕು, ಶಾಕ್ ಅಬ್ಸಾರ್ಬರಿನ ಕೊಳವೆ, ಎಲ್ಲವೂ ಕೈಗೆ ಸಿಗುವಂತೆ ಬಯಲಾಗಿದ್ದವು. ಟೈರು ಬರುವ ಎತ್ತರದಲ್ಲಿ ಹಬ್ಬಿನ ಮುಖದಿಂದ ಒಳಗೆ ಕೊಳವೆಯವರೆಗೆ ಟೇಪು ಹಿಡಿದೆ. ಐದೂವರೆ ಇಂಚು. ಹಬ್ಬಿನ ಮುಖದಿಂದ ಹೊರಗೆ ಮಡ್‌ಗಾರ್ಡಿನ ಅಂಚಿನವರೆಗೆ ಮೂರು ಇಂಚು. ಹಿಂದಿನ ಚಕ್ರಗಳ ಕಡೆ ಒಳಗೆ ಇನ್ನೂ ಜಾಗವಿತ್ತು, ಬಿಗಿ ಇದ್ದದ್ದು ಮುಂದೆಯೇ. ಸೊಂಟ ಹಿಡಿದುಕೊಂಡಿತು. ಏಳುವಾಗ ಮಗನ ಹೆಸರು ಹಿಡಿದು ಒಂದೆರಡು ಮಾತು ಆಡಿದೆ, ಬರೆಯುವಂಥವಲ್ಲ.

ಆ ಲೆಕ್ಕ ಹಿಡಿದು ತುಕ್ಕಣ್ಣನಿಗೆ ಫೋನ್ ಹಚ್ಚಿದೆ. ಅವನ ಹತ್ತಿರ ಟೈರು ಸಮೇತ ನಾಲ್ಕು ಚಕ್ರಗಳಿದ್ದವು. ಅಗಲ ಆರು ಇಂಚು, ಆಫ್‌ಸೆಟ್ ಐವತ್ತು ಎಂದು ರಿಮ್ಮಿನ ಮೇಲೇ ಅಚ್ಚೊತ್ತಿದೆ ಎಂದ. ಆರರಲ್ಲಿ ಅರ್ಧ ಮೂರು. ಐವತ್ತು ಮಿಲಿಮೀಟರು ಅಂದರೆ ಎರಡು ಇಂಚು. ಮೂರು ಎರಡು ಐದು, ಅದೇ ಬ್ಯಾಕ್‌ಸ್ಪೇಸಿಂಗ್. ಟೈರಿನ ಹೊಟ್ಟೆಗೆ ಕಾಲಿಂಚು ಸೇರಿಸಿದರೂ ಐದೂಕಾಲು, ಜಾಗ ಐದೂವರೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, "ತಗೊಂಡು ಬಾ" ಎಂದೆ.

ಮಾರನೇ ದಿನ ಅವನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದ. ಮುಂದಿನ ಒಂದು ಚಕ್ರ ಎತ್ತಿ ಹಬ್ಬಿಗೆ ಇಟ್ಟು ನಟ್ಟು ಬಿಗಿದ. ಬಿಗಿದಷ್ಟೂ ಟೈರು ಒಳಗೆ ಹೋಗಿ ಏನನ್ನೋ ಒತ್ತಿತು. ಕೈಯಲ್ಲಿ ತಿರುಗಿಸಿದರೆ ಚಕ್ರ ಗರ್ ಎಂದು ಅರ್ಧ ಸುತ್ತು ಬಂದು ನಿಂತಿತು. ತುಕ್ಕಣ್ಣ ಬಗ್ಗಿ ನೋಡಿ, "ಶಾಕಿಗೆ ಕಚ್ಕೊಂಡಿದೆ ಅಕ್ಕ" ಎಂದ.

ಅದೇ ಹೊತ್ತಿಗೆ ಮಗ ಬರಬೇಕೇ. ಊಟದ ಬಿಡುವಿನಲ್ಲಿ ನನ್ನನ್ನು ಸಮಾಧಾನ ಮಾಡಲು ಬಂದವನು ಗೇಟಿನ ಹತ್ತಿರವೇ ನಿಂತುಬಿಟ್ಟ. ಕೈಗಾಡಿ ನೋಡಿದ, ತುಕ್ಕಣ್ಣನನ್ನು ನೋಡಿದ, ನೆಲದ ಮೇಲೆ ಸ್ಪ್ಯಾನರ್ ಹಿಡಿದು ಕೂತ ತಾಯಿಯನ್ನು ನೋಡಿದ. ಅವನು ಕೂಗಾಡಿದ್ದರೆ ನನಗೆ ಸುಲಭವಿತ್ತು. ಅವನು ಬಗ್ಗಿ ಆ ಚಕ್ರವನ್ನು ಒಮ್ಮೆ ತಿರುಗಿಸಿ, ಅದು ಗರ್ ಎಂದು ನಿಂತದ್ದನ್ನು ಕೇಳಿ ಮೆಲ್ಲಗೆ ಹೇಳಿದ, "ಇದಕ್ಕೇ ಅಮ್ಮ ನಾನು ಹೇಳೋದು. ಇದನ್ನ ಹಾಗೇ ರಸ್ತೆಗೆ ತಂದಿದ್ರೆ?"

"ತಂದಿಲ್ಲವಲ್ಲ. ಕೈಯಲ್ಲಿ ತಿರುಗಿಸಿ ನೋಡಿದ್ದಕ್ಕೇ ಗೊತ್ತಾಗಿದ್ದು."

"ಇನ್ನು ಸಾಕು ಮಾಡು."

"ನೀನು ಊಟ ಮಾಡಿದ್ಯಾ? ಇಲ್ಲ ಅಂದ್ರೆ ಹೋಗಿ ಮಾಡು. ನನಗೆ ಕೆಲಸ ಇದೆ."

ಅವನು ಹೋದ. ಹೋದ ಮೇಲೆ ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಉಜ್ಜಿದ ಟೈರಿಗಲ್ಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ನನ್ನನ್ನು ನೋಡಿ ಯಾರಾದರೂ ಕನಿಕರಪಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ.

"ಒಂದು ಸ್ಪೇಸರ್ ಹಾಕೋಣ ಅಕ್ಕ," ಎಂದ ತುಕ್ಕಣ್ಣ. "ಹಬ್ಬಿಗೂ ಚಕ್ರಕ್ಕೂ ನಡುವೆ ಒಂದು ಬಿಲ್ಲೆ. ಚಕ್ರ ಅಷ್ಟು ಹೊರಗೆ ಬರುತ್ತೆ."

"ಬಿಲ್ಲೆ ಹಾಕಿದ್ರೆ ಬೋಲ್ಟು ಅಷ್ಟು ಗಿಡ್ಡ ಆಗಲ್ವಾ?"

"ಉದ್ದದ್ದು ಹುಡುಕ್ಬೇಕು."

"ತೇಪೆ ಹಾಕಿದ ಕೋಟನ್ನ ಹೊಸದು ಅಂತ ನಾನು ಯಾರಿಗೂ ಕೊಟ್ಟಿಲ್ಲ. ಲೆಕ್ಕ ಎಲ್ಲಿ ತಪ್ಪಿತು, ಅದನ್ನ ಮೊದಲು ಹುಡುಕೋಣ."

ಕೈಗಾಡಿಯಲ್ಲಿದ್ದ ಇನ್ನೊಂದು ಚಕ್ರವನ್ನು ಇಳಿಸಿ ಮಲಗಿಸಿದೆವು. ಒಳಗಿನಿಂದ ನನ್ನ ಮರದ ಗಜಕಡ್ಡಿ ತಂದು ರಿಮ್ಮಿನ ಹಿಂಭಾಗದ ಅಂಚಿನ ಮೇಲೆ ಅಡ್ಡ ಇಟ್ಟೆ. ಕಡ್ಡಿಯಿಂದ ತಟ್ಟೆಯವರೆಗೆ ಟೇಪು ಇಳಿಬಿಟ್ಟೆ. ಐದು ಬರಬೇಕಿತ್ತು. ಐದೂವರೆ ಬಂತು. ಮತ್ತೆ ಇಳಿಬಿಟ್ಟೆ, ಮತ್ತೆ ಐದೂವರೆ. ಸರಿ, ಅಗಲವನ್ನೇ ಅಳೆಯೋಣ ಎಂದು ರಿಮ್ಮಿನ ಈ ಅಂಚಿನಿಂದ ಆ ಅಂಚಿಗೆ ಹಿಡಿದೆ. ಏಳು ಇಂಚು.

"ಆರು ಅಂದ್ಯಲ್ಲೋ."

"ಆರೇ ಅಕ್ಕ. ಟೈರು ಕೂರೋ ಜಾಗದಿಂದ ಟೈರು ಕೂರೋ ಜಾಗಕ್ಕೆ ಆರು. ಆಚೆ ಈಚೆ ಅಂಚು ಅರ್ಧರ್ಧ ಇಂಚು ಎದ್ದಿರುತ್ತೆ, ಅದನ್ನ ಲೆಕ್ಕಕ್ಕೆ ಹಿಡಿಯಲ್ಲ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ನನಗೆ ಹೇಗೆ ಗೊತ್ತಿರಬೇಕು? ನನ್ನ ಕಸುಬಿನಲ್ಲಿ ಅಂಚು ಒಳಗೆ ಮಡಚಿರುತ್ತದೆ. ಕೋಟಿನ ಕಾಲರಿನ ಮೇಲೆ ನಲವತ್ತು ಎಂದು ಬರೆದರೆ ಮಡಿಕೆ, ಹೊಲಿಗೆ ಎಲ್ಲ ಮುಗಿದು ಹೊರಗೆ ಕಾಣುವುದು ನಲವತ್ತು. ಬಿಟ್ಟ ಬಟ್ಟೆ ಎಷ್ಟಿದ್ದರೂ ಅದು ಒಳಗಿನ ಗುಟ್ಟು. ಬರೆದ ಸಂಖ್ಯೆಯಿಂದ ಆಚೆಗೆ ಅಂಚನ್ನು ಚಾಚಿಕೊಂಡು ಕೂರುವ ಉಡುಪನ್ನು ನಾನು ಎಲ್ಲೂ ಕಂಡಿಲ್ಲ. ಬೇರೆ ಯಾರೇ ಆಗಿದ್ದರೂ ಮೊದಲೇ ಟೇಪು ಹಿಡಿದು ನೋಡುತ್ತಿದ್ದರು. ಅಳತೆಯ ಸಂಖ್ಯೆಯನ್ನು ನಾನು ಕಣ್ಣು ಮುಚ್ಚಿ ನಂಬಿದ್ದು ದರ್ಜಿಯಾದ್ದರಿಂದಲೇ.

ಹಾಗಾದರೆ ಅರ್ಧ ಮಾಡಬೇಕಾದದ್ದು ಆರನ್ನಲ್ಲ, ಏಳನ್ನು. ಮೂರೂವರೆಗೆ ಎರಡು ಸೇರಿ ಐದೂವರೆ, ಅದರ ಮೇಲೆ ಟೈರಿನ ಹೊಟ್ಟೆ. ಜಾಗವೇ ಐದೂವರೆ ಇರುವಾಗ ಉಜ್ಜದೆ ಏನು ಮಾಡೀತು? ನನಗೆ ಬೇಕಾದದ್ದು ಐದು ಇಂಚಿನ ಬ್ಯಾಕ್‌ಸ್ಪೇಸಿಂಗ್. ಐದರಲ್ಲಿ ಮೂರೂವರೆ ಕಳೆದರೆ ಒಂದೂವರೆ ಇಂಚು, ಮಿಲಿಮೀಟರಿನಲ್ಲಿ ಮೂವತ್ತೆಂಟು. ಹೊರಗಡೆ ಉಳಿಯುವುದು ಎರಡು ಇಂಚು, ಟೈರಿನ ಹೊಟ್ಟೆ ಸೇರಿ ಎರಡೂಕಾಲು. ಮಡ್‌ಗಾರ್ಡಿನೊಳಗೆ ಮೂರು ಇಂಚು ಇತ್ತಲ್ಲ, ಆರಾಮಾಗಿ ಕೂರುತ್ತದೆ.

"ಆಫ್‌ಸೆಟ್ ಮೂವತ್ತೆಂಟಿಂದು ಇದೆಯಾ?"

"ಇರಬಹುದು ಅಕ್ಕ. ಆದ್ರೆ ಒಂದಷ್ಟರ ಮೇಲೆ ಅಚ್ಚು ಅಳಿಸಿ ಹೋಗಿದೆ."

"ಅಚ್ಚು ಯಾರಿಗೆ ಬೇಕು? ಇನ್ನು ಮೇಲೆ ನಾನು ಯಾರ ಅಚ್ಚನ್ನೂ ನಂಬಲ್ಲ."

ಗಜಕಡ್ಡಿ ಹೆಗಲಿಗೆ ಹಾಕಿಕೊಂಡು ಅವನ ಕೈಗಾಡಿಯ ಹಿಂದೆ ನಡೆದೆ. ಗುಜರಿಯಲ್ಲಿ ರಿಮ್ಮುಗಳನ್ನು ಒಂದೊಂದಾಗಿ ಮಲಗಿಸುವುದು, ಕಡ್ಡಿ ಅಡ್ಡ ಇಡುವುದು, ಟೇಪು ಇಳಿಸುವುದು. ಕೆಲವು ನಾಲ್ಕೂವರೆ, ಕೆಲವು ಆರರ ಹತ್ತಿರ. ಒಂದರ ಅಂಚು ಗುಂಡಿಗೆ ಬಿದ್ದು ಸೊಟ್ಟಗಾಗಿತ್ತು, ಕಡ್ಡಿ ಇಟ್ಟರೆ ತೊಟ್ಟಿಲಿನಂತೆ ತೂಗಿತು. ತುಕ್ಕಣ್ಣ ಬೇಸರಪಟ್ಟು ಚಹಾ ಕುಡಿಯಲು ಹೋದ, ಬಂದ, ಮತ್ತೆ ಹೋದ. ಕೊನೆಗೆ ಹಿಂದಿನ ಗೋಡೆಯ ಹತ್ತಿರ, ಬಾಗಿಲಿಲ್ಲದ ವ್ಯಾನಿನೊಳಗೆ ಟೈರು ಸಮೇತ ಒಂದೇ ಜಾತಿಯ ನಾಲ್ಕು ಚಕ್ರ ಸಿಕ್ಕವು. ನಾಲ್ಕಕ್ಕೂ ಕಡ್ಡಿ ಇಟ್ಟೆ. ನಾಲ್ಕೂ ಐದು.

ಈ ಸಲ ಚಕ್ರ ಕೂತಿತು. ಕೈಯಲ್ಲಿ ಬೀಸಿ ತಿರುಗಿಸಿದರೆ ಸದ್ದಿಲ್ಲದೆ ಸುತ್ತಿತು. ಶಾಕಿಗೂ ಟೈರಿಗೂ ನಡುವೆ ನನ್ನ ಕಿರುಬೆರಳಿನ ತುದಿ ತೂರುತ್ತಿತ್ತು. ಇಟ್ಟಿಗೆ ತೆಗೆದು, ಕಾರು ಇಳಿಸಿ, ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದೆ. ಎಲ್ಲೂ ತಗುಲಲಿಲ್ಲ. ತುಕ್ಕಣ್ಣ ಕೈ ಒರೆಸಿಕೊಂಡು ಹೊರಟ.

"ಎಲ್ಲಿಗೆ ಹೊರಟೆ? ಹಿಂದಿನ ಸೀಟಲ್ಲಿ ಕೂತ್ಕೋ."

"ಯಾಕಕ್ಕ?"

"ನಿಂತಾಗ ಸರಿ ಇದ್ದ ಪ್ಯಾಂಟು ಕೂತಾಗ ಬಿರಿಯುತ್ತೆ. ಭಾರ ಹಾಕಿ ನೋಡ್ದೆ ನಾನು ಯಾವುದನ್ನೂ ಕಳಿಸಲ್ಲ."

ನನ್ನ ಗೋಳು ಕೇಳಲು ಬಂದಿದ್ದ ಸೊಸೆಯನ್ನೂ ಕೂರಿಸಿದೆ. ಅವಳ ಒಂದು ಬದಿಗೆ ತುಕ್ಕಣ್ಣ, ಇನ್ನೊಂದು ಬದಿಗೆ ಆಸ್ಪತ್ರೆಯ ಬಟ್ಟೆಯ ಎರಡು ಥಾನು, ಡಿಕ್ಕಿಯಲ್ಲಿ ನನ್ನ ಹಳೇ ಹೊಲಿಗೆ ಯಂತ್ರ. ಮನೆಯ ಮುಂದಿನ ಗಲ್ಲಿಯಲ್ಲಿ ಒಂದು ಉಬ್ಬಿದೆ, ಅದರ ಮೇಲೆ ಹೋದೆ, ತಿರುಗಿ ಬಂದೆ, ಚಕ್ರ ಪೂರ್ತಿ ತಿರುಗಿಸಿಕೊಂಡೂ ಹೋದೆ. ಪ್ರತಿ ಸಲ ಇಳಿದು ಟೈರಿನ ಮೈ ಸವರಿ ನೋಡಿದೆ. ಗೀರಿಲ್ಲ.

"ನಿಮ್ಮ ಮಗ ಕೇಳಿದ್ರೆ ನಾನು ಏನು ಹೇಳ್ಲಿ ಅತ್ತೆ?"

"ಹಿಂದಿನ ಸೀಟಲ್ಲಿ ಸುಖವಾಗಿ ಕೂತಿದ್ದೆ ಅಂತ ಹೇಳು."

ಹೇಳಿದಳೆಂದು ಕಾಣುತ್ತದೆ. ಶನಿವಾರ ಬೆಳಗ್ಗೆ ಕೋಟಿನ ಕಟ್ಟುಗಳನ್ನು ಹಿಂದೆ ತುಂಬಿ, ಕಾರನ್ನು ಗೇಟಿನ ತನಕ ತಂದರೆ ಮಗ ಅಡ್ಡ ನಿಂತಿದ್ದ. ಎರಡು ಕೈಯನ್ನೂ ಬಾನೆಟ್ಟಿನ ಮೇಲೆ ಊರಿದ, ತಾನೇ ಕಾರನ್ನು ತಡೆದು ನಿಲ್ಲಿಸುವವನಂತೆ. ನಾನು ಕಿಟಕಿ ಇಳಿಸಿದೆ.

"ಕೀ ಕೊಡಮ್ಮ. ಕೋಟು ನಾನೇ ತಲುಪಿಸ್ತೀನಿ. ಈ ಸಲ ತಡ ಮಾಡಲ್ಲ."

"ದಾರಿ ಬಿಡು, ಇಲ್ಲ ಒಳಗೆ ಹತ್ತು. ಎರಡರಲ್ಲಿ ಒಂದು ಮಾಡು."

"ಅಮ್ಮ."

"ನೀನು ಚಕ್ರ ನೋಡ್ತೀಯ ಅಂತ ಗೊತ್ತು. ನೋಡು. ನಾಲ್ಕೂ ನೋಡು, ನಟ್ಟೂ ಎಳೆದು ನೋಡು. ಅದು ನಿನ್ನ ಕೆಲಸ, ಬೇಡ ಅನ್ನಲ್ಲ."

ಅವನು ನಿಜವಾಗಿಯೂ ನೋಡಿದ. ಆಫೀಸಿನ ಪ್ಯಾಂಟು ಧೂಳಾಗುವಂತೆ ಮಂಡಿಯೂರಿ, ನಾಲ್ಕು ಕಡೆಯೂ ಕೈ ಒಳಗೆ ಹಾಕಿ ಸವರಿದ, ಒಂದೊಂದು ನಟ್ಟನ್ನೂ ಸ್ಪ್ಯಾನರಿನಿಂದ ಎಳೆದ. ನಾನು ಎಂಜಿನ್ ಆರಿಸಲಿಲ್ಲ. ಕೊನೆಗೆ ಎದ್ದು, ಮಂಡಿ ಕೊಡವಿಕೊಂಡು, ಪಕ್ಕದ ಸೀಟಿನಲ್ಲಿ ಬಂದು ಕೂತು ಬೆಲ್ಟು ಹಾಕಿಕೊಂಡ.

ಗೇಟಿನ ಕಂಬ ದಾಟುವಾಗ ಇಬ್ಬರೂ ಉಸಿರು ಹಿಡಿದಿದ್ದೆವು. ಚಕ್ರಗಳು ಮೊದಲಿಗಿಂತ ತುಸು ಹೊರಗೆ ನಿಂತಿರುವುದು ನನ್ನ ತಲೆಯಲ್ಲಿತ್ತು, ಅದಕ್ಕೆ ತಕ್ಕಷ್ಟು ಬಿಟ್ಟು ತಿರುಗಿಸಿದೆ. ಮುಖ್ಯ ರಸ್ತೆಗೆ ಬಂದ ಮೇಲೂ ಅವನು ಬಾಗಿಲಿನ ಮೇಲಿನ ಹಿಡಿ ಬಿಡಲಿಲ್ಲ. ಲಾರಿ ಬಂದರೆ ಅವನ ಕಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಸೈಕಲ್ಲು ಅಡ್ಡ ಬಂದರೆ ಅವನಿಗಿಂತ ಮೊದಲು ನಾನು ತುಳಿದಿದ್ದೆ. ಆಸ್ಪತ್ರೆ ಬಂತು. ಹಿಂದಿನ ಅಂಗಳದ ಉಗ್ರಾಣದ ಬಾಗಿಲಿಗೆ ಸರಿಯಾಗಿ ನಿಲ್ಲಿಸಿದೆ. ಮೇಲ್ವಿಚಾರಕಿ ಕಟ್ಟುಗಳನ್ನು ತೆಗೆದುಕೊಂಡು, ಮುಂದಿನ ಕೆಲಸದ ಬಟ್ಟೆಯನ್ನು ಕಾರಿಗೆ ಹಾಕಿಸಿದಳು. ಮಗ ಪಕ್ಕದ ಸೀಟಿನಲ್ಲೇ ಕೂತಿದ್ದ. ನಾನು ಬಂದು ಕೂತು ಬಾಗಿಲು ಹಾಕಿಕೊಂಡಾಗ ಅವನ ಕಣ್ಣು ಕೆಂಪಗಿತ್ತು.

"ನನಗೆ ಭಯ ಆಗುತ್ತೆ ಅಮ್ಮ. ನಿನ್ನ ಫೋನ್ ಬಂದ್ರೂ ಭಯ, ಬರದೇ ಇದ್ರೂ ಭಯ."

"ನನಗೂ ಆಗುತ್ತೆ ಕಣೋ. ಕಂಬಕ್ಕೆ ಸವರಿದ ಮಾರನೇ ದಿನವೇ ಹೋಗಿ ಕಣ್ಣು ತೋರಿಸ್ಕೊಂಡು ಬಂದೆ, ನಿನಗೆ ಹೇಳಲಿಲ್ಲ. ಕಣ್ಣು ಸರಿ ಇದೆ. ಭಯ ಇಟ್ಕೊಂಡೇ ಓಡಿಸ್ತೀನಿ, ಅದಕ್ಕೇ ಹುಷಾರಾಗಿ ಓಡಿಸ್ತೀನಿ."

ಅವನು ಅಂಗೈಯಿಂದ ಕಣ್ಣೊರೆಸಿಕೊಂಡ. ಆಮೇಲೆ, "ಭಾನುವಾರದವರಿಗೆ ಬರಬೇಡಿ ಅಂತೀನಿ," ಎಂದ. "ಹಳೇ ಚಕ್ರ ತಂದು ಹಾಕಿಕೊಡ್ಲಾ?"

ಆ ಮಾತು ಕೇಳಲು ವಾರದಿಂದ ಕಾದಿದ್ದೆ. ಕೇಳಿದ ಮೇಲೆ ಬೇಡವೆನಿಸಿತು.

"ಬೇಡ. ಅವು ನಿನ್ನ ಹತ್ರಾನೇ ಇರಲಿ. ಇವು ನಾನು ಅಳೆದು ಹಾಕಿದ್ದು, ಇವೇ ಇರ್ತವೆ. ಒಂದು ದಿನ ನನಗೇ ಗೊತ್ತಾಗುತ್ತೆ, ಇನ್ನು ಆಗಲ್ಲ ಅಂತ. ಆವತ್ತು ನಿನಗೆ ಹೇಳಿ ಕಳಿಸ್ತೀನಿ. ನೀನು ಬಂದು ಪಕ್ಕದಲ್ಲಿ ನಿಂತ್ಕೊಂಡಿರು, ಸಾಕು. ಬಿಚ್ಚೋದು ನಾನೇ."

ಅವನು ತಲೆಯಾಡಿಸಿದ. ನಾನು ಗೇರು ಹಾಕಿ ಕಾರನ್ನು ಹಿಂದಕ್ಕೆ ತೆಗೆದೆ.